ಶಾಲೆಯ ಮಕ್ಕಳ ಬುತ್ತಿ

ನಾಗಪುರದ ಲಕ್ಷ್ಮೀ ನಗರದಲ್ಲಿ ಆಠ್ ರಸ್ತಾ ಚೌಕ ಎಂಬ ಕೂಡುದಾರಿ ಇದೆ. ಹೆಸರೇ ಹೇಳುವಂತೆ ಎಂಟು ರಸ್ತೆಗಳು ಅಲ್ಲಿ ಸೇರುತ್ತವೆ. ಶಾಲೆಗಳು ನಡೆಯುವ ತಿಂಗಳುಗಳಲ್ಲಿ ಬೆಳಗಿನ ಹೊತ್ತು ಈ ರಸ್ತೆಗಳ ತುಂಬ ಶಾಲಾ ವಾಹನಗಳು, ಆಟೋರಿಕ್ಷಾಗಳು, ತಂದೆಯ ಸ್ಕೂಟರಿನ ಹಿಂದೆ ಅರೆನಿದ್ದೆಯಲ್ಲಿ ಕುಳಿತ ಮಕ್ಕಳು. ಪ್ರತಿ ಮಗುವಿನ ಚೀಲದಲ್ಲೂ ಪುಸ್ತಕಗಳ ಜೊತೆಗೆ ಒಂದು ಡಬ್ಬಿ ಇರುತ್ತದೆ. ಆರೂವರೆಗೋ ಏಳಕ್ಕೋ ಮುಚ್ಚಳ ಹಾಕಿದ ಆ ಡಬ್ಬಿ ಮತ್ತೆ ತೆರೆಯುವುದು ಮೂರು ನಾಲ್ಕು ಗಂಟೆಗಳ ನಂತರ. ತಿನ್ನಲು ದೊರೆಯುವ ಅವಧಿ ಹದಿನೈದು ಇಪ್ಪತ್ತು ನಿಮಿಷ. ಆಟದ ಸೆಳೆತ ಇದ್ದರೆ ಅದೂ ಇಲ್ಲ. ಮಕ್ಕಳ ಬುತ್ತಿಯನ್ನು ಕುರಿತ ವಿಚಾರವೆಲ್ಲ ಈ ಕಾಲಾವಧಿಯಿಂದಲೇ ಆರಂಭವಾಗಬೇಕು.

ನಾಗಪುರವು ಕೇಂದ್ರ ಸರ್ಕಾರದ ಹಲವು ಕಛೇರಿಗಳ ನಗರ. ಭಾರತೀಯ ಗಣಿ ಬ್ಯೂರೋದ ಪ್ರಧಾನ ಕಛೇರಿ, ರಾಷ್ಟ್ರೀಯ ಪರಿಸರ ಇಂಜಿನಿಯರಿಂಗ್ ಸಂಶೋಧನಾ ಸಂಸ್ಥೆ, ರಿಸರ್ವ್ ಬ್ಯಾಂಕಿನ ಕಛೇರಿ, ರೈಲ್ವೆಯ ವಿಭಾಗೀಯ ಕಛೇರಿಗಳು ಇಲ್ಲಿವೆ. ಲಕ್ಷ್ಮೀ ನಗರಕ್ಕೆ ಸಮೀಪದಲ್ಲಿಯೇ 1960ರಲ್ಲಿ ಸ್ಥಾಪನೆಗೊಂಡ ಇಂಜಿನಿಯರಿಂಗ್ ಕಾಲೇಜು ಇಂದು ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾಗಿದ್ದು, ಮೈಸೂರಿನ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿದೆ. ಇಂತಹ ಸಂಸ್ಥೆಗಳಿಗೆ ವರ್ಗವಾಗಿ ಬರುವವರಲ್ಲಿ ಕನ್ನಡಿಗರೂ ಇದ್ದಾರೆ. ಮೈಸೂರು, ಮಂಗಳೂರು, ಧಾರವಾಡಗಳ ಅಡಿಗೆಮನೆಯ ರೂಢಿಯೊಂದಿಗೆ ಬಂದವರಿಗೆ ಇಲ್ಲಿನ ಬಿಸಿಲು, ಇಲ್ಲಿನ ಧಾನ್ಯ, ಇಲ್ಲಿನ ಶಾಲೆಯ ವೇಳಾಪಟ್ಟಿ ಎಲ್ಲವೂ ಹೊಸದು. ಊರಿನಲ್ಲಿ ಮಗುವಿಗೆ ಕಟ್ಟಿಕೊಡುತ್ತಿದ್ದ ಬುತ್ತಿಯನ್ನೇ ಇಲ್ಲಿಯೂ ಕಟ್ಟಿಕೊಡಬಹುದೆ? ಕೆಲವನ್ನು ಕೊಡಬಹುದು, ಕೆಲವನ್ನು ಕೂಡದು. ಯಾವುದು ಯಾವುದೆಂದು ತಿಳಿಯಲು ಮೊದಲು ಮಗುವಿನ ದೇಹಕ್ಕೆ ಏನು ಬೇಕೆಂಬುದನ್ನು ಕಾಣಬೇಕಾಗುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಪಟ್ಟಿಯ ಪ್ರಕಾರ, 7ರಿಂದ 9 ವರ್ಷದ ಮಗುವಿಗೆ ದಿನವೊಂದಕ್ಕೆ ಸುಮಾರು 1,700 ಕಿಲೋಕ್ಯಾಲೊರಿ ಶಕ್ತಿ, 23 ಗ್ರಾಂ ಪ್ರೋಟೀನು, 650 ಮಿಲಿಗ್ರಾಂ ಸುಣ್ಣಾಂಶ ಹಾಗೂ 15 ಮಿಲಿಗ್ರಾಂ ಕಬ್ಬಿಣಾಂಶ ಬೇಕು. 10ರಿಂದ 12 ವರ್ಷದ ವಯೋಮಾನದಲ್ಲಿ ಹುಡುಗನಿಗೆ 16 ಮಿಲಿಗ್ರಾಂ ಕಬ್ಬಿಣಾಂಶ ಸಾಕಾದರೆ ಹುಡುಗಿಗೆ 28 ಮಿಲಿಗ್ರಾಂ ಅಗತ್ಯವೆಂದು ಅದೇ ಪಟ್ಟಿ ಹೇಳುತ್ತದೆ. ಒಂದೇ ಮನೆಯಲ್ಲಿ ಅಣ್ಣನಿಗೂ ತಂಗಿಗೂ ಒಂದೇ ಬಗೆಯ ಡಬ್ಬಿ ಕಟ್ಟುವಾಗ, ಅಥವಾ ಅಣ್ಣನ ಡಬ್ಬಿಯೇ ತುಸು ದೊಡ್ಡದಾಗಿರುವಾಗ, ಈ ಎರಡು ಅಂಕಿಗಳ ಅಂತರ ಯಾರ ಗಮನಕ್ಕೂ ಬರುವುದಿಲ್ಲ.

ಅದರ ಪರಿಣಾಮ ಮಾತ್ರ ಲೆಕ್ಕಕ್ಕೆ ಸಿಕ್ಕಿದೆ. 2016ರಿಂದ 2018ರವರೆಗೆ ದೇಶದಾದ್ಯಂತ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ 5ರಿಂದ 9 ವರ್ಷದ ಮಕ್ಕಳಲ್ಲಿ ಸುಮಾರು ಶೇ. 24ರಷ್ಟು ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿತು. 10ರಿಂದ 19 ವರ್ಷದವರಲ್ಲಿ ಈ ಪ್ರಮಾಣ ಶೇ. 28. ಅದನ್ನೇ ಬಿಡಿಸಿ ನೋಡಿದರೆ ಹುಡುಗರಲ್ಲಿ ಶೇ. 18, ಹುಡುಗಿಯರಲ್ಲಿ ಶೇ. 40. ಇದು ಬಡವರ ಮನೆಗಳಿಗೆ ಮಾತ್ರ ಸೀಮಿತವಾದ ಕೊರತೆಯಲ್ಲ. ಹೊಟ್ಟೆ ತುಂಬ ಉಣ್ಣುವ ಮನೆಗಳಲ್ಲಿಯೂ ಮಗು ಮಧ್ಯಾಹ್ನದ ಹೊತ್ತಿಗೆ ಬಾಡುವುದು, ಪಾಠದಲ್ಲಿ ಮನಸ್ಸು ನಿಲ್ಲದಿರುವುದು, ನಾಲ್ಕು ಮೆಟ್ಟಿಲು ಹತ್ತಿದರೆ ದಣಿಯುವುದು ಕಾಣಬರುತ್ತದೆ. ಇದನ್ನು ಸೋಮಾರಿತನವೆಂದು ಗದರಿಸುವ ಮೊದಲು ಮಗುವಿನ ಕಣ್ಣರೆಪ್ಪೆಯ ಒಳಭಾಗವನ್ನೂ ಉಗುರುಗಳನ್ನೂ ಒಮ್ಮೆ ನೋಡುವುದು ಲೇಸು. ಅವು ಬಿಳಿಚಿಕೊಂಡಿದ್ದರೆ ವೈದ್ಯರಲ್ಲಿಗೆ ಕರೆದೊಯ್ದು ರಕ್ತಪರೀಕ್ಷೆ ಮಾಡಿಸತಕ್ಕದ್ದು.

ಹಾಗಾದರೆ ಒಂದು ಡಬ್ಬಿಯಲ್ಲಿ ಎಷ್ಟಿರಬೇಕು? ಇದಕ್ಕೆ ಹೊಸದಾಗಿ ಅಳತೆ ಹುಡುಕಬೇಕಾಗಿಲ್ಲ. ಸರ್ಕಾರಿ ಶಾಲೆಗಳ ಮಧ್ಯಾಹ್ನದ ಊಟಕ್ಕೆ ಕೇಂದ್ರ ಸರ್ಕಾರ ನಿಗದಿಪಡಿಸಿರುವ ಅಳತೆಯೇ ಇದೆ. 1995ರ ಆಗಸ್ಟ್ 15ರಂದು ಆರಂಭವಾಗಿ, 2021ರಲ್ಲಿ ಪಿ.ಎಂ. ಪೋಷಣ್ ಎಂದು ಹೆಸರು ಬದಲಾದ ಯೋಜನೆಯಲ್ಲಿ, ಪ್ರಾಥಮಿಕ ತರಗತಿಯ ಮಗುವಿನ ಒಂದು ಊಟದಲ್ಲಿ 450 ಕಿಲೋಕ್ಯಾಲೊರಿ ಶಕ್ತಿ ಹಾಗೂ 12 ಗ್ರಾಂ ಪ್ರೋಟೀನು ಇರಬೇಕು. ಹಿರಿಯ ಪ್ರಾಥಮಿಕ ತರಗತಿಯವರಿಗೆ 700 ಕಿಲೋಕ್ಯಾಲೊರಿ ಮತ್ತು 20 ಗ್ರಾಂ. ಖಾಸಗಿ ಶಾಲೆಗೆ ಹೋಗುವ ಮಗುವಿನ ಡಬ್ಬಿಯನ್ನು ಈ ಅಳತೆಯ ಮುಂದೆ ಇಟ್ಟು ನೋಡಿದರೆ ಫಲಿತಾಂಶ ಅನೇಕ ವೇಳೆ ಸಂತೋಷದಾಯಕವಾಗಿರುವುದಿಲ್ಲ. ಎರಡು ಹೋಳು ಬ್ರೆಡ್ಡು, ನಡುವೆ ಜಾಮು. ಪ್ರೋಟೀನು ನಾಲ್ಕೈದು ಗ್ರಾಂ. ನಾಲ್ಕು ಗ್ಲೂಕೋಸ್ ಬಿಸ್ಕತ್ತು; ಪ್ರೋಟೀನು ಒಂದೂವರೆ ಗ್ರಾಮೂ ಇಲ್ಲ. ಅದರ ತೂಕದಲ್ಲಿ ಸುಮಾರು ಕಾಲು ಭಾಗ ಸಕ್ಕರೆ. ಶುಲ್ಕ ತೆತ್ತು ಓದುವ ಮಗುವಿಗೆ ಉಚಿತ ಊಟದ ಮಗುವಿಗಿಂತ ಕಡಿಮೆ ಪೋಷಣೆ ದೊರೆಯುವ ಈ ವಿಚಿತ್ರವನ್ನು ತಂದೆತಾಯಿಗಳು ಗಮನಿಸಬೇಕು. ಮಗು ಎರಡು ಗಂಟೆಗೆ ಮನೆಗೆ ಬಂದು ಊಟ ಮಾಡುವುದಾದರೆ ಡಬ್ಬಿಯಲ್ಲಿ ಈ ಅಳತೆಯ ಅರ್ಧಕ್ಕಿಂತ ತುಸು ಹೆಚ್ಚಿದ್ದರೆ ಸಾಕು. ಸಂಜೆಯವರೆಗೆ ಶಾಲೆಯಲ್ಲಿಯೇ ಇರುವುದಾದರೆ ಪೂರ್ತಿ ಬೇಕು.

ಇನ್ನು ಬಿಸಿಲಿನ ಮಾತು. ವಿದರ್ಭದ ಬೇಸಿಗೆ ಕರ್ನಾಟಕದ ಬಹುಪಾಲು ಜನರ ಅನುಭವಕ್ಕೆ ಮೀರಿದ್ದು. 2013ರ ಮೇ ತಿಂಗಳಲ್ಲಿ ನಾಗಪುರದ ತಾಪಮಾನ 47.9 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಈ ಬಿಸಿಲಿನ ಕಾರಣದಿಂದಲೇ ಬೇಸಿಗೆಯ ರಜೆಯ ನಂತರ ವಿದರ್ಭದ ಶಾಲೆಗಳು ಮಹಾರಾಷ್ಟ್ರದ ಇತರ ಭಾಗಗಳಿಗಿಂತ ತಡವಾಗಿ ತೆರೆಯುತ್ತವೆ. ಆದರೆ ಶಾಲೆ ನಡೆಯುತ್ತಿರುವ ಮಾರ್ಚ್ ಕೊನೆಯಲ್ಲಿಯೂ ಏಪ್ರಿಲ್‌ನಲ್ಲಿಯೂ ತಾಪಮಾನ 40 ಡಿಗ್ರಿಯ ಆಸುಪಾಸಿಗೆ ಏರುವುದು ಸಾಮಾನ್ಯ. ಮುಚ್ಚಿದ ಚೀಲದೊಳಗಿನ ಮುಚ್ಚಿದ ಡಬ್ಬಿ ಸೂಕ್ಷ್ಮಾಣುಗಳ ಪಾಲಿಗೆ ಹದವಾದ ತೊಟ್ಟಿಲು. 5 ಡಿಗ್ರಿಯಿಂದ 60 ಡಿಗ್ರಿವರೆಗಿನ ತಾಪದಲ್ಲಿ ಅವು ಬೆಳೆಯುತ್ತವೆ. ಬೇಯಿಸಿದ ಆಹಾರವನ್ನು ಹೊರಗಿನ ತಾಪದಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊತ್ತು ಇಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ನೀಡುತ್ತದೆ. ಶಾಲೆಯ ಬುತ್ತಿ ಈ ಗಡುವನ್ನು ದಿನವೂ ಮೀರುತ್ತದೆ. ಆದ್ದರಿಂದ ಗಂಟೆಗಳನ್ನು ಕಡಿಮೆ ಮಾಡಲಾಗದಿದ್ದರೆ ಗಂಟೆಗಳನ್ನು ತಾಳಿಕೊಳ್ಳುವ ಆಹಾರವನ್ನು ಆರಿಸುವುದೊಂದೇ ದಾರಿ.

ಈ ದೃಷ್ಟಿಯಿಂದ ನೋಡಿದಾಗ ಅನ್ನವು ಮೊದಲು ಅನುಮಾನಕ್ಕೆ ಒಳಗಾಗುತ್ತದೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಗಳು ಇರುವುದುಂಟು. ಕುದಿಯುವ ನೀರಿನಲ್ಲಿಯೂ ಅವು ಸಾಯುವುದಿಲ್ಲ. ಬೆಂದ ಅನ್ನ ತೇವದಿಂದ ಕೂಡಿ ಬೆಚ್ಚಗೆ ಉಳಿದರೆ ಬೀಜಕಗಳು ಮೊಳೆತು ವಿಷವನ್ನು ಉತ್ಪಾದಿಸುತ್ತವೆ. ಒಮ್ಮೆ ಉಂಟಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಹಿಂದಿನ ರಾತ್ರಿಯ ಅನ್ನವನ್ನು ಅಡಿಗೆಮನೆಯಲ್ಲಿ ಹಾಗೆಯೇ ಇಟ್ಟು, ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನವೆಂದು ಡಬ್ಬಿಗೆ ತುಂಬುವ ರೂಢಿ ಬೇಸಿಗೆಯ ನಾಗಪುರದಲ್ಲಿ ಅಪಾಯಕಾರಿ. ಅನ್ನವನ್ನೇ ಕೊಡಬೇಕೆಂದಿದ್ದರೆ ಬೆಳಿಗ್ಗೆಯೇ ಮಾಡಿ, ಅಗಲವಾದ ತಟ್ಟೆಯಲ್ಲಿ ಹರಡಿ, ಆವಿ ಹೋದ ಮೇಲೆ ಹುಣಿಸೆಯ ಗೊಜ್ಜಿನೊಂದಿಗೆ ಕಲಸುವುದು ಉತ್ತಮ. ತೀರ್ಥಯಾತ್ರೆಗೆ ಹೊರಟ ಹಿರಿಯರು ಪುಳಿಯೋಗರೆಯನ್ನೇ ಕಟ್ಟಿಕೊಳ್ಳುತ್ತಿದ್ದುದು ರುಚಿಗಾಗಿ ಮಾತ್ರವಲ್ಲ. ಹುಣಿಸೆಯ ಹುಳಿ, ಉಪ್ಪು, ಎಣ್ಣೆ ಮೂರೂ ಕೂಡಿ ಅನ್ನ ಬೇಗ ಹಳಸದಂತೆ ತಡೆಯುತ್ತವೆ. ಅದಕ್ಕೆ ಒಂದು ಹಿಡಿ ಹುರಿದ ಶೇಂಗಾ, ಎಳ್ಳಿನ ಪುಡಿ ಸೇರಿದರೆ ಬರಿಯ ಪಿಷ್ಟವಾಗಿದ್ದ ಅನ್ನಕ್ಕೆ ಪ್ರೋಟೀನೂ ಸುಣ್ಣಾಂಶವೂ ಕೂಡಿಬರುತ್ತವೆ.

ಮೊಸರನ್ನ ದಕ್ಷಿಣದವರ ಅಭಿಮಾನದ ಬುತ್ತಿ. ಡಿಸೆಂಬರ್, ಜನವರಿಯ ನಾಗಪುರದಲ್ಲಿ ಅದಕ್ಕೆ ಅಡ್ಡಿಯಿಲ್ಲ. ಏಪ್ರಿಲ್‌ನಲ್ಲಿ ಮಾತ್ರ ಹತ್ತು ಗಂಟೆಗೆ ಅದು ಬಾಯಿಗೆ ಇಡಲಾಗದಷ್ಟು ಹುಳಿಯಾಗುತ್ತದೆ. ಮಗು ಅದನ್ನು ಮುಟ್ಟದೆ ಹಾಗೆಯೇ ಮನೆಗೆ ತರುತ್ತದೆ, ಅಥವಾ ಯಾರಿಗೂ ತಿಳಿಯದಂತೆ ಚೆಲ್ಲುತ್ತದೆ. ಹಸಿ ಕೊಬ್ಬರಿಯ ಚಟ್ನಿಯ ಪಾಡಂತೂ ಇನ್ನೂ ಕಷ್ಟ. ಇಡ್ಲಿ, ದೋಸೆ ತಾಳಿಕೊಂಡರೂ ಚಟ್ನಿ ತಾಳದು. ಅದರ ಬದಲು ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿಪುಡಿ, ಗುರೆಳ್ಳು ಪುಡಿಗಳನ್ನು ತುಸು ಎಣ್ಣೆಯೊಡನೆ ಇಡ್ಲಿಗೆ ಸವರಿ ಕಳುಹಿಸಬಹುದು. ಉತ್ತರ ಕರ್ನಾಟಕದ ಮನೆಗಳಲ್ಲಿ ಈ ಪುಡಿಗಳಿಲ್ಲದ ಊಟವೇ ಇಲ್ಲವಷ್ಟೆ. ಬಿಸಿಲುನಾಡಿನ ಜನ ಕಂಡುಕೊಂಡ ಜಾಣ್ಮೆ ಬಿಸಿಲುನಾಡಿನಲ್ಲಿಯೇ ನೆರವಿಗೆ ಬರುತ್ತದೆ.

ಧಾನ್ಯದ ವಿಷಯದಲ್ಲಿ ವಿದರ್ಭ ಕನ್ನಡಿಗರಿಗೆ ಪರಕೀಯವೇನಲ್ಲ. ಇಲ್ಲಿನ ಹೊಲಗಳಲ್ಲಿ ಹತ್ತಿ, ತೊಗರಿ, ಸೋಯಾಬೀನಿನ ಜೊತೆಗೆ ಜೋಳವೂ ಬೆಳೆಯುತ್ತದೆ. ಮರಾಠಿಯಲ್ಲಿ ಅದು ಜ್ವಾರಿ. ವಿಜಯಪುರ, ಕಲಬುರಗಿಯಿಂದ ಬಂದವರಿಗೆ ಜೋಳದ ಹಿಟ್ಟಿಗಾಗಿ ಅಲೆಯುವ ಪ್ರಮೇಯವಿಲ್ಲ. ಹಳೆಯ ಮೈಸೂರಿನವರಿಗೆ ಬೇಕಾದ ರಾಗಿ ಅಂಗಡಿಯಲ್ಲಿ ನಾಚಣಿ ಎಂಬ ಹೆಸರಿನಲ್ಲಿ ದೊರೆಯುತ್ತದೆ. ರಾಗಿ ಎಂದು ಕೇಳಿ ಇಲ್ಲವೆನಿಸಿಕೊಂಡು ಬರಿಗೈಯಲ್ಲಿ ಹಿಂದಿರುಗುವವರು ಈ ಹೆಸರನ್ನು ನೆನಪಿಡಬೇಕು. ಪುಂಡಿಸೊಪ್ಪು ಇಲ್ಲಿ ಅಂಬಾಡಿ. ಕನ್ನಡಿಗರ ತಾಲಿಪಟ್ಟು ಮರಾಠಿಗರ ಥಾಲೀಪೀಠದ ಸೋದರ. ಗಡಿಯ ಎರಡೂ ಬದಿಯ ಅಜ್ಜಿಯರು ಹಲವು ಧಾನ್ಯಗಳನ್ನು ಹುರಿದು ಬೀಸಿ ಇಟ್ಟುಕೊಳ್ಳುವ ಕ್ರಮ ಬಲ್ಲವರೇ.

ಡಬ್ಬಿಗೆ ತಾಲಿಪಟ್ಟಿಗಿಂತ ಹೆಚ್ಚು ಒಗ್ಗುವ ತಿನಿಸು ಅಪರೂಪ. 60 ಗ್ರಾಂ ಜೋಳದ ಹಿಟ್ಟು, 20 ಗ್ರಾಂ ಕಡಲೆಹಿಟ್ಟು, ಒಂದು ಚಮಚ ಎಳ್ಳು, ಸಣ್ಣಗೆ ಹೆಚ್ಚಿದ ಮೆಂತ್ಯದ ಅಥವಾ ನುಗ್ಗೆಯ ಸೊಪ್ಪು, ಈರುಳ್ಳಿ, ಜೀರಿಗೆ, ಉಪ್ಪು ಇಷ್ಟನ್ನು ಬಿಸಿನೀರಿನಲ್ಲಿ ಕಲಸಿ ತಟ್ಟಿ, ಎರಡು ಚಮಚ ಎಣ್ಣೆಯಲ್ಲಿ ಎರಡು ಬದಿ ಬೇಯಿಸಿದರೆ ಎರಡು ತಾಲಿಪಟ್ಟುಗಳಾಗುತ್ತವೆ. ಇವುಗಳಲ್ಲಿ ಸುಮಾರು 11 ಗ್ರಾಂ ಪ್ರೋಟೀನು ಇರುತ್ತದೆ. ಜೊತೆಗೆ ಒಂದೂವರೆ ಚಮಚದಷ್ಟು ಶೇಂಗಾ ಚಟ್ನಿಪುಡಿ ಸೇರಿದರೆ ಪ್ರಾಥಮಿಕ ಶಾಲೆಯ ಊಟಕ್ಕೆ ನಿಗದಿಯಾದ 12 ಗ್ರಾಂ ದಾಟುತ್ತದೆ, ಶಕ್ತಿಯೂ 450 ಕಿಲೋಕ್ಯಾಲೊರಿಯ ಸಮೀಪ ಬರುತ್ತದೆ. ಇದಕ್ಕೆ ತಗಲುವ ವೆಚ್ಚ ಒಂದು ಪೊಟ್ಟಣ ಚಿಪ್ಸಿನ ಬೆಲೆಗಿಂತ ಬಹಳ ಹೆಚ್ಚೇನೂ ಆಗದು. ಬೆಂದ ಬಳಿಕ ತಾಲಿಪಟ್ಟನ್ನು ಜಾಲರಿಯ ಮೇಲೋ ಬಟ್ಟೆಯ ಮೇಲೋ ಇಟ್ಟು ಆವಿ ಆರಿಸತಕ್ಕದ್ದು. ಬಿಸಿಯಿರುವಾಗಲೇ ಮುಚ್ಚಿದರೆ ಮುಚ್ಚಳದಲ್ಲಿ ನೀರು ಕಟ್ಟಿ ತೊಟ್ಟಿಕ್ಕುತ್ತದೆ, ತಿನಿಸು ಮೆತ್ತಗಾಗಿ ಬೇಗ ಕೆಡುತ್ತದೆ. ಚಪಾತಿ, ಮೇಥಿ ಪರೋಟ, ಅಕ್ಕಿರೊಟ್ಟಿಗಳಿಗೂ ಇದೇ ನಿಯಮ.

ರಾಗಿಯ ಹೆಚ್ಚುಗಾರಿಕೆ ಅದರ ಸುಣ್ಣಾಂಶದಲ್ಲಿದೆ. 100 ಗ್ರಾಂ ರಾಗಿಯಲ್ಲಿ 340ರಿಂದ 360 ಮಿಲಿಗ್ರಾಂನಷ್ಟು ಸುಣ್ಣಾಂಶವಿದ್ದರೆ ಅಕ್ಕಿಯಲ್ಲಿ ಅದು 10 ಮಿಲಿಗ್ರಾಂನ ಆಸುಪಾಸು. ಮುದ್ದೆಯನ್ನು ಡಬ್ಬಿಗೆ ಹಾಕಿ ಕಳುಹಿಸಲಾಗದು, ನಿಜ. ಆದರೆ ರಾಗಿಯನ್ನು ಅರಳಿಸಿ ಬೀಸಿದ ಹುರಿಹಿಟ್ಟನ್ನು ಬೆಲ್ಲ, ತುಪ್ಪ, ಪುಡಿಮಾಡಿದ ಶೇಂಗಾದೊಂದಿಗೆ ಉಂಡೆ ಕಟ್ಟಬಹುದು. ಇದರಲ್ಲಿ ನೀರಿನ ಅಂಶ ಇಲ್ಲವೆಂಬಷ್ಟು ಕಡಿಮೆಯಾದ್ದರಿಂದ ಬಿಸಿಲಿನಲ್ಲಿಯೂ ಹಲವು ದಿನ ಕೆಡುವುದಿಲ್ಲ. 40 ಗ್ರಾಂ ಹುರಿಹಿಟ್ಟಿನಿಂದ ದೊರೆಯುವ ಸುಣ್ಣಾಂಶ ಎಂಟು ವರ್ಷದ ಮಗುವಿನ ದಿನದ ಅಗತ್ಯದ ಐದನೆಯ ಒಂದು ಭಾಗಕ್ಕೂ ಮಿಗಿಲು. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2013ರಿಂದ ಕ್ಷೀರಭಾಗ್ಯದ ಹಾಲು ಕೊಡಲಾಯಿತು. 2024ರ ಫೆಬ್ರವರಿಯಲ್ಲಿ ಹಾಲಿನೊಂದಿಗೆ ರಾಗಿ ಮಾಲ್ಟ್ ಕೊಡುವ ಏರ್ಪಾಡೂ ಆರಂಭವಾಯಿತು. ಊರು ಬಿಟ್ಟು ಬಂದ ಮನೆಗಳಲ್ಲಿ ಈ ಧಾನ್ಯವನ್ನು ಹಳ್ಳಿಯ ಆಹಾರವೆಂದು ಕೈಬಿಡುವುದು ಶೋಚನೀಯ.

ಶೇಂಗಾ, ಕಡಲೆ, ಎಳ್ಳುಗಳ ಮಾತನ್ನು ಬೇರೆಯಾಗಿಯೇ ಹೇಳಬೇಕು. ಸಂಕ್ರಾಂತಿಯಂದು ಕನ್ನಡಿಗರು ಬೀರುವ ಎಳ್ಳುಬೆಲ್ಲದಲ್ಲಿ ಎಳ್ಳು, ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ, ಬೆಲ್ಲ ಇರುತ್ತವೆ. ಅಂದೇ ಮರಾಠಿಗರು ತಿಳಗೂಳ ಹಂಚುತ್ತಾರೆ. ಪೋಷಣೆಯ ದೃಷ್ಟಿಯಿಂದ ಇದಕ್ಕಿಂತ ಉತ್ತಮವಾದ ಶಾಲಾ ತಿನಿಸನ್ನು ಕಲ್ಪಿಸುವುದು ಕಷ್ಟ. ವರ್ಷಕ್ಕೊಂದು ದಿನ ಮಾತ್ರ ಅದನ್ನು ತಿಂದು ಉಳಿದ 364 ದಿನ ಮರೆಯುವುದೇಕೆಂದು ತಿಳಿಯದು. 30 ಗ್ರಾಂ, ಎಂದರೆ ಮಗುವಿನ ಎರಡು ಹಿಡಿಯಷ್ಟು, ಶೇಂಗಾದಲ್ಲಿ ಏಳು ಗ್ರಾಂಗಿಂತ ಹೆಚ್ಚು ಪ್ರೋಟೀನಿದೆ. ಅಷ್ಟೇ ತೂಕದ ಹುರಿಗಡಲೆಯಲ್ಲಿ ಆರು ಗ್ರಾಂ ದಾಟುತ್ತದೆ. ಸಿಪ್ಪೆ ತೆಗೆಯದ ಎಳ್ಳು 10 ಗ್ರಾಂ ಇದ್ದರೆ ಸುಣ್ಣಾಂಶ 125 ಮಿಲಿಗ್ರಾಂ ಮೀರುತ್ತದೆ. ಇದು ಅರ್ಧ ಲೋಟ ಹಾಲಿಗೆ ಸಮ. ಮೈಸೂರಿನ ಚೆಲುವಾಂಬ ವಿಲಾಸದಲ್ಲಿ 1950ರಲ್ಲಿ ಕಾರ್ಯಾರಂಭ ಮಾಡಿದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವಿಜ್ಞಾನಿಗಳು ಮಕ್ಕಳ ಅಪೌಷ್ಟಿಕತೆಗೆ ಅಗ್ಗದ ಪರಿಹಾರ ಹುಡುಕಿದಾಗ ಕೈಹಾಕಿದ್ದೂ ಇವುಗಳಿಗೇ. ಅವರ ಭಾರತೀಯ ಬಹೂಪಯೋಗಿ ಆಹಾರವು ಮುಕ್ಕಾಲು ಪಾಲು ಎಣ್ಣೆ ತೆಗೆದ ಶೇಂಗಾ ಹಿಟ್ಟು, ಕಾಲು ಪಾಲು ಕಡಲೆ ಹಿಟ್ಟಿನ ಮಿಶ್ರಣವಾಗಿತ್ತು.

ಶೇಂಗಾದ ವಿಷಯದಲ್ಲಿ ಎಚ್ಚರಿಕೆಗಳೂ ಇವೆ. ಮಳೆಗಾಲದಲ್ಲಿ ತೇವ ತಗಲಿದ ಶೇಂಗಾಕ್ಕೆ ಬೂಷ್ಟು ಹಿಡಿದು ಅಫ್ಲಟಾಕ್ಸಿನ್ ಎಂಬ ವಿಷ ಉಂಟಾಗಬಹುದು. ಅದು ಯಕೃತ್ತಿಗೆ ಹಾನಿಕರ, ಹುರಿದರೂ ಪೂರ್ತಿ ನಾಶವಾಗದು. ಮುರುಟಿದ, ಬಣ್ಣಗೆಟ್ಟ, ಕಹಿಯಾದ ಬೀಜಗಳನ್ನು ಆರಿಸಿ ಎಸೆಯತಕ್ಕದ್ದು. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಕೊಟ್ಟರೆ ಗಂಟಲಿಗೆ ಸಿಕ್ಕಿಕೊಳ್ಳುವ ಭಯವಿರುವುದರಿಂದ ಪುಡಿ ಮಾಡಿಯೇ ಕೊಡಬೇಕು. ಕೆಲವು ಮಕ್ಕಳಿಗೆ ಶೇಂಗಾ ಒಗ್ಗದೆ ಮೈ ದದ್ದೇಳುವುದು, ತುಟಿ ಬಾಯುವುದು, ಉಸಿರು ಕಟ್ಟುವುದು ಉಂಟು. ಅಂತಹ ಮಗುವಿನ ವಿಷಯ ತರಗತಿಯ ಶಿಕ್ಷಕರಿಗೆ ತಿಳಿದಿರಬೇಕು, ಏಕೆಂದರೆ ಮಕ್ಕಳು ಡಬ್ಬಿಗಳನ್ನು ಹಂಚಿಕೊಳ್ಳದೆ ಇರುವುದಿಲ್ಲ.

ನಾಗಪುರದಲ್ಲಿದ್ದುಕೊಂಡು ಕಿತ್ತಳೆಯನ್ನು ಮರೆಯುವಂತಿಲ್ಲ. 1985ರಲ್ಲಿ ನಿಂಬೆ ಜಾತಿಯ ಹಣ್ಣುಗಳ ರಾಷ್ಟ್ರೀಯ ಸಂಶೋಧನಾ ಕೇಂದ್ರ ಈ ನಗರದಲ್ಲಿಯೇ ಸ್ಥಾಪನೆಯಾಯಿತು. 2014ರಲ್ಲಿ ನಾಗಪುರ ಕಿತ್ತಳೆಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಕೊಡಗಿನ ಕಿತ್ತಳೆಯಂತೆ ಇದೂ ಸಡಿಲ ಸಿಪ್ಪೆಯ ಮ್ಯಾಂಡರಿನ್ ಜಾತಿಯದು; ಆರು ವರ್ಷದ ಮಗುವಿನ ಬೆರಳುಗಳಿಂದಲೂ ಸುಲಿಯಬಹುದು. ಆಂಬಿಯಾ ಬಹಾರದ ಹಣ್ಣು ಚಳಿಗಾಲದ ಆರಂಭದಲ್ಲಿಯೂ ಮೃಗ ಬಹಾರದ ಹಣ್ಣು ಫೆಬ್ರವರಿಯಿಂದೀಚೆಗೂ ಮಾರುಕಟ್ಟೆಗೆ ಬರುವುದರಿಂದ ಶಾಲಾ ವರ್ಷದ ದೊಡ್ಡ ಭಾಗದಲ್ಲಿ ಕಿತ್ತಳೆ ಕೈಗೆಟಕುತ್ತದೆ. ಹಣ್ಣುಗಳಲ್ಲಿ ಇದಕ್ಕೊಂದು ವಿಶೇಷವಿದೆ: ತನ್ನ ಪೊಟ್ಟಣವನ್ನು ತಾನೇ ಹೊತ್ತು ತರುತ್ತದೆ. ಕತ್ತರಿಸಿದ ಸೇಬು ಕಂದಾಗುತ್ತದೆ, ಕತ್ತರಿಸಿದ ಪಪಾಯಿ ನೀರೊಡೆಯುತ್ತದೆ, ಧೂಳು, ನೊಣಗಳಿಗೆ ತೆರೆದುಕೊಳ್ಳುತ್ತದೆ. ಇಡೀ ಕಿತ್ತಳೆಗೆ ಇದಾವುದರ ಭಯವಿಲ್ಲ.

ಅದಕ್ಕಿಂತ ಮುಖ್ಯವಾದುದು ಸಿ ಜೀವಸತ್ವ. ಜೋಳ, ರಾಗಿ, ಕಡಲೆ, ಸೊಪ್ಪುಗಳಲ್ಲಿ ಕಬ್ಬಿಣಾಂಶವಿದ್ದರೂ ಮಾಂಸದಲ್ಲಿರುವ ಕಬ್ಬಿಣಾಂಶದಂತೆ ದೇಹ ಅದನ್ನು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಅದೇ ಹೊತ್ತಿನಲ್ಲಿ ಸಿ ಜೀವಸತ್ವವುಳ್ಳ ಹಣ್ಣು ತಿಂದರೆ ಹೀರಿಕೆ ಹೆಚ್ಚುತ್ತದೆ. ಮುಂಜಾನೆ ತಿಂಡಿಯೊಂದಿಗೆ ಚಹಾ ಕುಡಿಸುವ ಅಭ್ಯಾಸ ಇದಕ್ಕೆ ತದ್ವಿರುದ್ಧವಾಗಿ ಕೆಲಸ ಮಾಡುತ್ತದೆ. ಚಹಾದ ಟ್ಯಾನಿನ್ ಕಬ್ಬಿಣಾಂಶವನ್ನು ಕಟ್ಟಿಹಾಕುತ್ತದೆ. ಆದುದರಿಂದ ತಾಲಿಪಟ್ಟಿನ ಡಬ್ಬಿಯ ಪಕ್ಕದಲ್ಲಿ ಒಂದು ಕಿತ್ತಳೆ, ಕಿತ್ತಳೆ ಇಲ್ಲದ ಕಾಲದಲ್ಲಿ ಒಂದು ಸೀಬೆಹಣ್ಣು ಇರುವುದು ಅಲಂಕಾರಕ್ಕಲ್ಲ. ಸೀಬೆಯಲ್ಲಿ ಸಿ ಜೀವಸತ್ವ ಕಿತ್ತಳೆಗಿಂತ ಹಲವು ಪಟ್ಟು ಹೆಚ್ಚು. ಏನೂ ಇಲ್ಲದಿದ್ದರೆ ಉಸಲಿಯ ಮೇಲೆ ಹಿಂಡಿದ ಅರ್ಧ ನಿಂಬೆಹಣ್ಣಾದರೂ ಇರಲಿ. ಪೆಟ್ಟಿಗೆಯಲ್ಲಿ ಬರುವ ಹಣ್ಣಿನ ಪಾನೀಯ ಇದಕ್ಕೆ ಬದಲಿಯಲ್ಲ.

ಇಷ್ಟಾದರೂ ಲೆಕ್ಕವನ್ನು ಪ್ರಾಮಾಣಿಕವಾಗಿ ಹಾಕಬೇಕು. ಮೇಲೆ ಹೇಳಿದ ಎರಡು ತಾಲಿಪಟ್ಟುಗಳಲ್ಲಿ ದೊರೆಯುವ ಕಬ್ಬಿಣಾಂಶ ಸುಮಾರು 4 ಮಿಲಿಗ್ರಾಂ. ಹನ್ನೊಂದು ವರ್ಷದ ಹುಡುಗನಿಗೆ ಇದು ದಿನದ ಅಗತ್ಯದ ಕಾಲು ಭಾಗವಾದರೆ ಅವನ ಓರಗೆಯ ಹುಡುಗಿಗೆ ಏಳನೆಯ ಒಂದು ಭಾಗ ಮಾತ್ರ. ಡಬ್ಬಿಯೊಂದರಿಂದಲೇ ಹೆಣ್ಣುಮಕ್ಕಳ ಕೊರತೆ ನೀಗದು. 2018ರಲ್ಲಿ ಆರಂಭವಾದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಲ್ಲಿ 5ರಿಂದ 9 ವರ್ಷದ ಮಕ್ಕಳಿಗೆ ವಾರಕ್ಕೊಂದು ಗುಲಾಬಿ ಬಣ್ಣದ ಮಾತ್ರೆ, 10ರಿಂದ 19 ವರ್ಷದವರಿಗೆ ವಾರಕ್ಕೊಂದು ನೀಲಿ ಮಾತ್ರೆ ಗೊತ್ತುಪಡಿಸಿರುವುದು ಈ ಕಾರಣದಿಂದಲೇ. ಶಾಲೆಯಲ್ಲಿ ಕೊಟ್ಟ ಮಾತ್ರೆಯನ್ನು ಹೊಟ್ಟೆ ತೊಳಸುತ್ತದೆಂದು ಮಕ್ಕಳು ಎಸೆಯುವುದುಂಟು. ಬುತ್ತಿ ತಿಂದ ಬಳಿಕ ನುಂಗಿದರೆ ಆ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಖಾಲಿ ಹೊಟ್ಟೆಯಲ್ಲಿ ಶಾಲೆಗೆ ಬಂದು, ಡಬ್ಬಿಯನ್ನೂ ಮುಟ್ಟದ ಹುಡುಗಿಗೆ ಮಾತ್ರೆಯೂ ದಕ್ಕುವುದಿಲ್ಲ.

ಅಂಗಡಿಯ ತಿನಿಸುಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. 2020ರ ನಿಯಮಾವಳಿಯ ಮೂಲಕ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಕೊಬ್ಬು, ಉಪ್ಪು, ಸಕ್ಕರೆ ಅಧಿಕವಾಗಿರುವ ಪದಾರ್ಥಗಳನ್ನು ಶಾಲೆಯ ಆವರಣದಲ್ಲಿಯೂ ಅದರ ಬಾಗಿಲಿನಿಂದ 50 ಮೀಟರ್ ಒಳಗೂ ಮಾರದಂತೆ ನಿರ್ಬಂಧಿಸಿದೆ. ಆದರೆ ಗೇಟಿನ ಹೊರಗೆ ತಡೆದ ಪದಾರ್ಥವನ್ನು ತಾಯಿಯೇ ಡಬ್ಬಿಯಲ್ಲಿ ತುಂಬಿ ಒಳಗೆ ಕಳುಹಿಸಿದರೆ ಯಾವ ನಿಯಮವೂ ಏನೂ ಮಾಡಲಾರದು. ಸಕ್ಕರೆಯಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ಹತ್ತನೆಯ ಒಂದು ಭಾಗದೊಳಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಂಟು ವರ್ಷದ ಮಗುವಿಗೆ ಇದು ಸುಮಾರು 42 ಗ್ರಾಂ, ಬೆಲ್ಲವೂ ಸೇರಿ. ಉಂಡೆ ಕಟ್ಟುವಾಗ ಬೆಲ್ಲದ ಕೈ ಹಿಡಿತದಲ್ಲಿರಬೇಕೆಂಬುದನ್ನೂ ಇದರಿಂದಲೇ ತಿಳಿಯಬಹುದು. ರೊಟ್ಟಿಯನ್ನು ವೃತ್ತಪತ್ರಿಕೆಯಲ್ಲಿ ಸುತ್ತಿ ಕಳುಹಿಸುವ ಅಭ್ಯಾಸವನ್ನೂ ಬಿಡಬೇಕು. ಮುದ್ರಣದ ಶಾಯಿ ಎಣ್ಣೆಯೊಡನೆ ಆಹಾರಕ್ಕೆ ಇಳಿಯುತ್ತದೆಂದು ಪ್ರಾಧಿಕಾರ 2016ರಲ್ಲಿಯೇ ಎಚ್ಚರಿಸಿದೆ. ತೆಳುವಾದ ಹತ್ತಿಯ ಬಟ್ಟೆ ಸಾಕು.

ಬುತ್ತಿ ಎಷ್ಟೇ ಪೌಷ್ಟಿಕವಾಗಿದ್ದರೂ ಮಗು ತಿನ್ನದಿದ್ದರೆ ಪ್ರಯೋಜನವಿಲ್ಲ. ಇಲ್ಲಿ ನಾಲಿಗೆಗಿಂತ ದೊಡ್ಡ ತೊಡಕು ಸಂಕೋಚದ್ದು. ಸುತ್ತಲಿನ ಮಕ್ಕಳು ಪೋಹೆ, ಸ್ಯಾಂಡ್‌ವಿಚ್ಚು, ನೂಡಲ್ಸು ತೆರೆದಾಗ ತನ್ನ ಡಬ್ಬಿಯಲ್ಲಿ ಕಪ್ಪುಬಣ್ಣದ ರಾಗಿಯ ತಿನಿಸು ಕಂಡರೆ ಹೊಸ ಊರಿನ, ಹೊಸ ಭಾಷೆಯ ಮಗು ಮುಚ್ಚಳವನ್ನು ಅರ್ಧ ತೆರೆದು ಮತ್ತೆ ಮುಚ್ಚಿಬಿಡುತ್ತದೆ. ಮನೆಗೆ ಬಂದು ಹಸಿವಿರಲಿಲ್ಲವೆನ್ನುತ್ತದೆ. ಇದಕ್ಕೆ ಬೈಗುಳ ಮದ್ದಲ್ಲ. ರಾಗಿಯನ್ನು ಗೋಧಿಯೊಂದಿಗೆ ಅರ್ಧಕ್ಕರ್ಧ ಬೆರೆಸಿ ಸಣ್ಣ ಸಣ್ಣ ಪೂರಿಯಾಕಾರದ ರೊಟ್ಟಿಗಳಾಗಿ ತಟ್ಟಿದರೆ ಬಣ್ಣವೂ ತಿಳಿಯಾಗುತ್ತದೆ, ಎರಡು ತುತ್ತಿಗೆ ಒಂದರಂತೆ ಮುಗಿದೂ ಹೋಗುತ್ತದೆ. ಹಂಚಿಕೊಳ್ಳಲು ಎರಡು ಉಂಡೆ ಹೆಚ್ಚಾಗಿ ಇಟ್ಟರೆ ಗೆಳೆಯರ ಮೆಚ್ಚುಗೆಯೇ ಮಗುವಿನ ಸಂಕೋಚವನ್ನು ಕಳೆಯುತ್ತದೆ. ನಾಗಪುರದ ತರ್ರಿ ಪೋಹೆಯನ್ನು ಮಗು ಇಷ್ಟಪಟ್ಟರೆ ಅದನ್ನೂ ದೂರ ಮಾಡಬೇಕಾಗಿಲ್ಲ. ಅವಲಕ್ಕಿ ಕನ್ನಡಿಗರಿಗೂ ಹೊಸದಲ್ಲ. ಖಾರದ ಸಾರು ಡಬ್ಬಿಯಲ್ಲಿ ಸೋರುವುದರಿಂದ ಅದರಲ್ಲಿನ ಬೇಯಿಸಿದ ಕಡಲೆಯನ್ನು ಮಾತ್ರ ಒಣದಾಗಿ ಅವಲಕ್ಕಿಗೆ ಬೆರೆಸಿ, ನಿಂಬೆರಸ ಹಿಂಡಿದರಾಯಿತು. ಮೊಟ್ಟೆ ತಿನ್ನುವ ಮನೆಗಳಲ್ಲಿ ಚಳಿಗಾಲದಲ್ಲಿ ಸಿಪ್ಪೆ ಸಹಿತ ಬೇಯಿಸಿದ ಮೊಟ್ಟೆಯನ್ನು ಮೊದಲ ಬಿಡುವಿನಲ್ಲಿಯೇ ತಿನ್ನುವಂತೆ ಹೇಳಿ ಕಳುಹಿಸಬಹುದು. ಒಂದರಲ್ಲಿ ಆರು ಗ್ರಾಂ ಪ್ರೋಟೀನಿದೆ. ಬೇಸಿಗೆಗೆ ಇದು ಬೇಡ.

ತಾಯಿ ತಂದೆ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಬೆಳಗಿನ ಆರು ಗಂಟೆಗೆ ಇಷ್ಟೆಲ್ಲ ಎಲ್ಲಿ ಸಾಧ್ಯವೆಂಬ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಭಾನುವಾರದ ಒಂದು ಗಂಟೆ ಬೇಕು, ಮತ್ತು ಆ ಗಂಟೆ ಗೃಹಿಣಿಯೊಬ್ಬಳದೇ ಆಗಬೇಕೆಂಬ ಕಟ್ಟಳೆಯಿಲ್ಲ. ಜೋಳ, ಕಡಲೆಬೇಳೆ, ಉದ್ದು, ಗೋಧಿ, ಕೊತ್ತಂಬರಿ ಬೀಜಗಳನ್ನು ಹುರಿದು ಗಿರಣಿಗೆ ಕೊಟ್ಟರೆ ತಿಂಗಳಿಗಾಗುವಷ್ಟು ತಾಲಿಪಟ್ಟಿನ ಹಿಟ್ಟಾಗುತ್ತದೆ. ಅದೇ ದಿನ ಶೇಂಗಾ ಹುರಿದು ಸಿಪ್ಪೆ ತೆಗೆಯುವುದು, ಉಂಡೆ ಕಟ್ಟುವುದು ಮಕ್ಕಳೂ ಮಾಡಬಲ್ಲ ಕೆಲಸ. ತಾನು ಕಟ್ಟಿದ ಉಂಡೆಯನ್ನು ಮಗು ಡಬ್ಬಿಯಲ್ಲಿ ಉಳಿಸಿ ತರುವುದು ವಿರಳ.

ಸಂಜೆ ಡಬ್ಬಿ ಮರಳಿ ಬಂದಾಗ ಅದನ್ನು ತೆರೆದು ನೋಡಿಯೇ ತೊಳೆಯಬೇಕು. ಏನು ಉಳಿದಿದೆ, ಎಷ್ಟು ಉಳಿದಿದೆ ಎಂಬುದು ನಾಳಿನ ಡಬ್ಬಿಗೆ ಬೇಕಾದ ಮಾಹಿತಿ. ಎರಡು ಮೂರು ದಿನ ಒಂದೇ ಪದಾರ್ಥ ಉಳಿದು ಬಂದರೆ ಅದನ್ನು ಬದಲಾಯಿಸುವುದು ಸರಿ, ಎಲ್ಲವೂ ದಿನವೂ ಉಳಿಯುತ್ತಿದ್ದರೆ ಮಗುವಿನ ಆರೋಗ್ಯವನ್ನೂ ಶಾಲೆಯಲ್ಲಿ ತಿನ್ನಲು ದೊರೆಯುವ ಸಮಯವನ್ನೂ ವಿಚಾರಿಸುವುದು ಸರಿ. ಪ್ಲಾಸ್ಟಿಕ್ಕಿಗಿಂತ ಸ್ಟೀಲಿನ ಡಬ್ಬಿ ಲೇಸು. ಹುಳಿಯ ಪದಾರ್ಥಕ್ಕೆ ಅಲ್ಯೂಮಿನಿಯಂ ಕೂಡದು. ಮುಚ್ಚಳದೊಳಗಿನ ರಬ್ಬರಿನ ಬಳೆಯ ಸಂದಿನಲ್ಲಿ ಹಿಂದಿನ ದಿನದ ಎಣ್ಣೆ, ಅನ್ನದ ಅಗುಳು ಸೇರಿಕೊಂಡು ಹೊಸ ಬುತ್ತಿಯನ್ನೂ ಕೆಡಿಸುತ್ತವೆ. ಅದನ್ನು ವಾರಕ್ಕೆ ಎರಡು ಬಾರಿಯಾದರೂ ಬಿಡಿಸಿ, ಬಿಸಿನೀರು ಸಾಬೂನಿನಿಂದ ಉಜ್ಜಿ ತೊಳೆದು, ಮತ್ತೆ ಕೂಡಿಸುವ ಮುನ್ನ ಬಿಸಿಲಿನಲ್ಲಿ ಪೂರ್ತಿ ಒಣಗಿಸತಕ್ಕದ್ದು.